ಪದಕದ ಬೆನ್ನು

"ಈ ಊರಲ್ಲಿ ಜನ ಗೆಲ್ಲೋದನ್ನೇ ನಿಲ್ಲಿಸಿಬಿಟ್ರಾ?"

ಪದಕದಂಗಡಿಯವನು ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಆಗ ಇದ್ದದ್ದು ಗಾಜಿನ ಕಪಾಟಿನ ತುಂಬ ಸಾಲಾಗಿ ನಿಂತ ಬಹುಮಾನದ ಕಪ್‌ಗಳು ಮಾತ್ರ. ಎರಡೂ ಕಡೆ ಕಿವಿ ಅಗಲಿಸಿಕೊಂಡು ನಿಂತಿದ್ದವು, ಆದರೆ ಕೇಳಿಸಿಕೊಳ್ಳುವ ಲಕ್ಷಣವೇನೂ ಕಾಣಲಿಲ್ಲ. ಒಳಮನೆಯಲ್ಲಿ ಪದಕಗಳಿಗೆ ಪಟ್ಟಿ ಪೋಣಿಸುತ್ತ, ಬಾಯಲ್ಲೇ ಯಾವುದೋ ಹಳೆಯ ಪದ್ಯ ಗುನುಗುತ್ತ ಕೂತಿದ್ದ ಅವನ ತಾಯಿ ಮಾತ್ರ ಪದ್ಯ ನಿಲ್ಲಿಸಿ, "ಏನಂದ್ಯೋ?" ಎಂದರು.

"ನಿನಗಲ್ಲಮ್ಮ."

"ಹಾಗಾದ್ರೆ ಸರಿ" ಎಂದು ಅವರು ಪದ್ಯವನ್ನು ಬಿಟ್ಟಲ್ಲಿಂದಲೇ ಹಿಡಿದರು.

ವ್ಯಾಪಾರ ನೆಲ ಕಚ್ಚಿತ್ತು. ಓಟಗಾರರ ಸಂಘ ಬಾಗಿಲು ಹಾಕಿಕೊಂಡು ಹೋಗಿತ್ತು. ಚದುರಂಗದವರು ಮೊಬೈಲಿನಲ್ಲೇ ಆಡಿ, ಮೊಬೈಲಿನಲ್ಲೇ ಗೆದ್ದು, ಅದರಲ್ಲೇ ಮೂಡುವ ಒಂದು ಚಿತ್ರದ ಕಪ್ ನೋಡಿ ಸಂತೋಷಪಡುತ್ತಿದ್ದರು. ಕೋಳಿ ಸಾಕುವವರ ಸಂಘದಲ್ಲಿ ಜಗಳವಾಗಿ, ಕೋಳಿಗಳಿಗೆ ಸಿಗಬೇಕಾಗಿದ್ದ ಗೌರವ ಸಿಗದೇ ಹೋಗಿತ್ತು. ಪದಕದಂಗಡಿಯವನು ನೊಣ ಹೊಡೆಯುತ್ತ ಕೂತು, ಮನುಷ್ಯಕುಲ ಹೀಗೆ ಕೈಕಟ್ಟಿ ಕೂತರೆ ತನ್ನಂಥವರ ಗತಿಯೇನೆಂದು ಚಿಂತಿಸುತ್ತಿದ್ದ. ಬೇರೆಯವರು ಗೆಲ್ಲುವುದರ ಬಗ್ಗೆ ಅವನಷ್ಟು ಕಳಕಳಿಯಿದ್ದ ಮನುಷ್ಯ ಊರಲ್ಲೇ ಇರಲಿಲ್ಲ. ಅದು ಎಂಥ ಕಳಕಳಿಯೆಂದು ಅವನ ಹೆಂಡತಿಗೆ ಗೊತ್ತಿತ್ತು.

ಪದಕವೆಂದರೆ ಏನೆಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಕ ಹೊಯ್ದ ಅಗ್ಗದ ಲೋಹ, ಅದರ ಮೇಲೆ ಹೊಂಬಣ್ಣದ ಒಂದು ತೆಳು ಲೇಪ. ಬೆವರು ಸೋಕಿದರೆ ಬಣ್ಣ ಬಿಡುತ್ತಿತ್ತು. ಪುಣ್ಯಕ್ಕೆ, ಗೆದ್ದವರು ಮನೆಗೆ ಹೋದ ಮೇಲೆ ಅದನ್ನು ಗೋಡೆಗೆ ನೇತುಹಾಕುತ್ತಾರೆ, ಮುಟ್ಟುವುದಿಲ್ಲ. ಆ ಪುಣ್ಯದ ಮೇಲೆಯೇ ಅಂಗಡಿ ಅವನ ಅಪ್ಪನ ಕಾಲದಿಂದ ನಡೆದುಕೊಂಡು ಬಂದಿತ್ತು.

ಹೀಗೆ ಕೂತವನ ತಲೆಗೆ ಒಂದು ವಿಚಾರ ಹೊಳೆಯಿತು. ಗೆಲ್ಲುವವರು ಯಾವಾಗಲೂ ಕಮ್ಮಿ. ಒಬ್ಬ ಗೆದ್ದರೆ ಉಳಿದವರೆಲ್ಲ ಸೋಲುತ್ತಾರೆ, ಸೋತವರಿಗೆ ಪದಕ ಮಾರಲು ಬರುವುದಿಲ್ಲ. ಹಾಗಾದರೆ ಓಡದೆ, ಹಾರದೆ, ಬೆವರದೆ, ಯಾರು ಬೇಕಾದರೂ ಪಡೆಯಬಹುದಾದ ಪದಕ ಯಾವುದು? ಹೊಳೆದ ಕೂಡಲೇ ತೊಡೆ ತಟ್ಟಿಕೊಂಡು ಎದ್ದ. ಒಳ್ಳೆಯ ನಡತೆ!

ಮಗಳ ಶಾಲೆಗೆ ಹೋದ. ಅಲ್ಲಿಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಹೆಡ್ ಮೇಡಂ ಎನ್ನುತ್ತಿದ್ದರು. ಅವರ ಮೇಜಿನ ಗಾಜಿನಡಿ ಹತ್ತಾರು ಫೋಟೋಗಳಿದ್ದವು, ಎಲ್ಲದರಲ್ಲೂ ಅವರೇ ಇದ್ದರು. ಯಾರದೋ ಕೈಯಿಂದ ಹೂಗುಚ್ಛ ತೆಗೆದುಕೊಳ್ಳುತ್ತಿರುವ, ಯಾರದೋ ಪಕ್ಕದಲ್ಲಿ ನಿಂತಿರುವ ಫೋಟೋಗಳು. ಆ ಯಾರೋ ಅರ್ಧಕ್ಕೆ ಕತ್ತರಿಸಿಹೋಗಿದ್ದರೂ ಹೆಡ್ ಮೇಡಂ ಪೂರ್ತಿಯಾಗಿದ್ದರು.

"ಮಕ್ಕಳು ಗಲಾಟೆ ಮಾಡಿದ್ರೆ ಬೈಬೇಡಿ ಮೇಡಂ" ಎಂದ ಅಂಗಡಿಯವನು. "ಸುಮ್ಮನೆ ಕೂತ ಮಗೂ ಕೊರಳಿಗೆ ಒಂದು ಪದಕ ಹಾಕಿ. ಉಳಿದವು ತಾವಾಗೇ ಸುಮ್ಮನಾಗ್ತವೆ."

"ವರ್ಷಕ್ಕೊಂದು ಸಲಾನಾ?"

"ವಾರ ವಾರ ಮೇಡಂ. ಒಳ್ಳೇತನಕ್ಕೆ ರಜೆ ಕೊಡಕ್ಕಾಗುತ್ತಾ?"

ಹೆಡ್ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಆ ವಿಚಾರ ಅವರದ್ದಾಗಿಬಿಟ್ಟಿತ್ತು. "ನಾನೂ ಬಹಳ ದಿನದಿಂದ ಇದನ್ನೇ ಯೋಚನೆ ಮಾಡ್ತಿದ್ದೆ. ಸದ್ವರ್ತನಾ ಯೋಜನೆ ಅಂತ ಹೆಸರಿಡೋಣ. ವಾರ್ಷಿಕೋತ್ಸವಕ್ಕೆ ಬೇರೆ ಶಾಲೆಗಳ ಮುಖ್ಯಸ್ಥರನ್ನೆಲ್ಲ ಕರೆದು ತೋರಿಸ್ತೀನಿ. ಅವರೂ ಮಾಡ್ತೀವಿ ಅಂದ್ರೆ ಪದಕ ನಿಮ್ಮಲ್ಲೇ."

ಅಂಗಡಿಯವನು ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಊರಿನ ಎಲ್ಲ ಶಾಲೆಗಳು! ಎಲ್ಲ ವಾರಗಳು! ಸುಮ್ಮನೆ ಕೂತ ಅಷ್ಟೂ ಮಕ್ಕಳು!

ಯೋಜನೆ ಸೊಗಸಾಗಿ ಕೆಲಸ ಮಾಡಿತು. ನೆಲದ ಮೇಲೆ ಬಿದ್ದ ಕಾಗದ ಎತ್ತಿ ಬುಟ್ಟಿಗೆ ಹಾಕಿದವರಿಗೆ ಪದಕ ಎಂದ ಮೇಲೆ ಶಾಲೆಯಲ್ಲಿ ಕಾಗದ ಬೀಳುವುದು ಹೆಚ್ಚಾಯಿತು. ಮಕ್ಕಳು ಜೇಬಿನಲ್ಲಿ ಹರಿದ ಕಾಗದ ಇಟ್ಟುಕೊಂಡು ಓಡಾಡುತ್ತಿದ್ದರು. ದೂರದಲ್ಲಿ ಹೆಡ್ ಮೇಡಂ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕಾಗದ ನೆಲಕ್ಕೆ ಬೀಳುತ್ತಿತ್ತು, ಮಗು ಬಾಗುತ್ತಿತ್ತು. ಬಿದ್ದವರನ್ನು ಎತ್ತಿ ನಿಲ್ಲಿಸಿದವರಿಗೂ ಪದಕ ಎಂದಾಗ, ತಳ್ಳುವವನೊಬ್ಬ ಎತ್ತುವವನೊಬ್ಬ ಜೋಡಿಯಾಗಿ ತಿರುಗತೊಡಗಿದರು. ಮುಂದಿನ ವಾರ ಪಾತ್ರ ಅದಲುಬದಲು. ಅವರಿಬ್ಬರ ಪ್ರಾಮಾಣಿಕತೆ ಅಷ್ಟರಮಟ್ಟಿಗೆ ಮೆಚ್ಚಬೇಕಾದದ್ದೇ. ಬಿದ್ದ ಮಗುವಿಗೆ ಮಾತ್ರ ಏನೂ ಸಿಗಲಿಲ್ಲ, ಬೀಳುವುದು ಸದ್ವರ್ತನೆಯಲ್ಲಿ ಸೇರಿರಲಿಲ್ಲ.

ಹೆಡ್ ಮೇಡಂ ಇದನ್ನೆಲ್ಲ ನೋಡಿ, ಮಕ್ಕಳಲ್ಲಿ ಎಷ್ಟು ಬದಲಾವಣೆ ಎಂದು ಕಣ್ಣರಳಿಸಿದರು. ಅಂಗಡಿಯವನು ಅವರ ಮಾತಿಗೆ ಬೆಣ್ಣೆ ಹಚ್ಚುತ್ತ ಮುಂದಿನ ವಾರದ ಪದಕಗಳಿಗೆ ಹೆಸರು ಕೆತ್ತುತ್ತ ಹೋದ.

ಇಂಥ ಸುಖದ ನಡುವೆ ಒಂದೇ ಒಂದು ಮುಳ್ಳು, ಅದೂ ಅವನ ಸ್ವಂತ ಮಗಳು.

ಅವಳನ್ನು ಗಿಲಕಿ ಎಂದು ಕರೆದದ್ದು ಅಜ್ಜಿ. ಮಾತು ಕಲಿತ ದಿನದಿಂದ ನಿಂತಿರಲಿಲ್ಲ. ಅಜ್ಜಿ ಸಂಜೆ ಪದ್ಯ ಹೇಳುತ್ತಿದ್ದರೆ ನಡುವೆಯೇ, "ರಾಜ ಅಳ್ತಾ ಕೂತಾಗ ಅವನ ಕುದುರೆ ಏನ್ ಮಾಡ್ತಿತ್ತು ಅಜ್ಜಿ?" ಎನ್ನುತ್ತಿದ್ದಳು. ಪದ್ಯದಲ್ಲಿ ಕುದುರೆಯ ವಿಷಯ ಇರುತ್ತಿರಲಿಲ್ಲ. ಅಜ್ಜಿ ಸಿಡುಕುತ್ತಲೇ ಕುದುರೆಗೂ ಒಂದು ಸಾಲು ಕಟ್ಟಿ ಹೇಳುತ್ತಿದ್ದರು. ಹಾಗೆ ಆ ಮನೆಯ ಪದ್ಯಗಳಲ್ಲಿ ಕುದುರೆ, ನಾಯಿ, ಬಾಗಿಲು ಕಾಯುವವನ ಹೆಂಡತಿ ಎಲ್ಲರೂ ಸೇರಿಕೊಂಡಿದ್ದರು.

ಪದಕಗಳ ನಡುವೆಯೇ ಬೆಳೆದವಳು ಗಿಲಕಿ. ಹಲ್ಲು ಬರುವಾಗ ಕಚ್ಚಿದ್ದು ಪದಕ, ಗೊಂಬೆಗೆ ಊಟ ಹಾಕಿದ್ದು ಕಪ್‌ನಲ್ಲಿ. ಮನೆಯ ಬೆಕ್ಕಿನ ಕೊರಳಲ್ಲಿ 'ವರ್ಷದ ಶ್ರೇಷ್ಠ ಈಜುಗಾರ' ಎಂಬ ಪದಕವಿತ್ತು. ಕೆತ್ತುವಾಗ ತಪ್ಪಿದ ಪದಕಗಳನ್ನು ಅಂಗಡಿಯವನು ಒಂದು ಬುಟ್ಟಿಗೆ ಹಾಕುತ್ತಿದ್ದ. ಅದಕ್ಕೆ ತಪ್ಪುಬುಟ್ಟಿ ಎಂದೇ ಹೆಸರು. ಶಾಲೆಯಲ್ಲಿ ಪದಕ ಸಿಗದ ಮಕ್ಕಳು ಅಳುವುದನ್ನು ಕಂಡ ಗಿಲಕಿ ಒಂದು ಬೆಳಿಗ್ಗೆ ಆ ಬುಟ್ಟಿಯಿಂದ ಚೀಲದ ತುಂಬ ಬಾಚಿಕೊಂಡು ಹೋಗಿ, ಅಳುತ್ತಿದ್ದವರಿಗೆಲ್ಲ ಒಂದೊಂದು ಹಾಕಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಶಾಲೆಯಲ್ಲಿ ಪದಕ ಇಲ್ಲದವರೇ ಇರಲಿಲ್ಲ. ಕಾಗದ ಎತ್ತುವವರೂ ಇರಲಿಲ್ಲ. ಒಂದು ಪುಟ್ಟ ಹುಡುಗಿ 'ಕೋಳಿ ಸಾಕಣೆಯಲ್ಲಿ ದ್ವಿತೀಯ' ಎಂಬ ಪದಕ ಹಾಕಿಕೊಂಡು ಹೆಡ್ ಮೇಡಂ ಮುಂದೆಯೇ ಬಂದು ನಿಂತು ಹಲ್ಲು ಕಿರಿದಳು.

ಹೆಡ್ ಮೇಡಂ ಅಂಗಡಿಯವನನ್ನು ಕರೆಸಿದರು.

"ನಿಮ್ಮ ಮಗಳು ನಕಲಿ ಪದಕ ಹಂಚ್ತಿದ್ದಾಳೆ."

"ನಕಲಿ ಅಲ್ಲ ಮೇಡಂ, ಅವೂ ನಮ್ಮವೇ..."

"ನಾನು ಲೋಹದ ವಿಷಯ ಮಾತಾಡ್ತಿಲ್ಲ! ಶಿಸ್ತಿನ ವಿಷಯ ಮಾತಾಡ್ತಿದೀನಿ. ಪಾಠ ಮಾಡುವಾಗ ಎದ್ದು ನಿಂತು ಪ್ರಶ್ನೆ ಕೇಳ್ತಾಳೆ. ಪಕ್ಕದವನಿಗೆ ಹೊಟ್ಟೆನೋವು ಬಂದ್ರೆ ಇವಳು ಕೂಗ್ತಾಳೆ. ಪದಕ ಮಾಡೋರ ಮಗಳೇ ಹೀಗಿದ್ರೆ ನಿಮ್ಮ ಪದಕವನ್ನ ಯಾರು ನಂಬ್ತಾರೆ ಹೇಳಿ? ಬೇರೆ ಶಾಲೆಯವರು ಬಂದಾಗ ಮೊದಲು ಅದನ್ನೇ ಕೇಳ್ತಾರೆ. ವಾರ್ಷಿಕೋತ್ಸವದ ದಿನ ಸದ್ವರ್ತನೆಯ ದೊಡ್ಡ ಪದಕ ಅವಳ ಕೊರಳಲ್ಲಿರಬೇಕು. ಇಲ್ಲದಿದ್ರೆ ನಾನು ಬೇರೆ ಅಂಗಡಿ ನೋಡ್ಕೋತೀನಿ."

ಊರಿನ ಎಲ್ಲ ಶಾಲೆಗಳೂ ಒಂದೊಂದಾಗಿ ಅವನ ಕಣ್ಣಮುಂದೆಯೇ ಬಾಗಿಲು ಹಾಕಿಕೊಂಡವು.

ಮನೆಗೆ ಬಂದವನು ಮಗಳನ್ನು ಎದುರಿಗೆ ಕೂರಿಸಿಕೊಂಡ. "ಪುಟ್ಟಾ, ಒಂದು ಪದಕ ಗೆಲ್ಲಬೇಕು ನೀನು."

ಗಿಲಕಿ ಬೆಕ್ಕಿನ ಕಡೆ ನೋಡಿದಳು. ಬೆಕ್ಕು ತನ್ನ ಈಜಿನ ಪದಕವನ್ನು ನೆಕ್ಕುತ್ತಿತ್ತು. "ಒಳಗೆ ಬುಟ್ಟಿ ತುಂಬ ಇದಾವಲ್ಲಪ್ಪ. ಒಂದು ತಗೊಳ್ಳಲಾ?"

ಲೋಕದ ಮಕ್ಕಳನ್ನೆಲ್ಲ ಪದಕ ತೋರಿಸಿ ಕೂರಿಸಬಲ್ಲ ಮನುಷ್ಯನಿಗೆ ತನ್ನ ಮಗಳ ಮುಂದೆ ತೋರಿಸಲು ಏನೂ ಇರಲಿಲ್ಲ. ಚಾಕೊಲೇಟು ಎಂದ. ತಿಂದು, ಬಾಯಿ ಒರೆಸಿಕೊಂಡು, ಮರುದಿನ ಮೊದಲಿನಂತೆಯೇ ಮಾತಾಡಿದಳು. ಸೈಕಲ್ಲು ಎಂದ. "ಓಡಿಸೋವಾಗ ಮಾತಾಡಬಹುದಾ?" ಎಂದಳು. ಅಡುಗೆಮನೆಯಿಂದ ಹೆಂಡತಿ ಮೂಗು ಮುರಿದಳು.

"ಸುಮ್ಮನಿರೋದಕ್ಕೆ ಬಹುಮಾನ ಕೊಡೋದಾದ್ರೆ ನನಗೆ ಎಷ್ಟು ಬರಬೇಕು ಲೆಕ್ಕ ಹಾಕಿ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ, ಒಂದು ಶೀಲ್ಡಾದ್ರೂ ಬರಲಿ."

"ನೀನು ಯಾವಾಗ ಸುಮ್ಮನಿದ್ದೆ?"

"ನೋಡಿ, ಇದೇ. ಕೊಡೋ ಹೊತ್ತಿಗೆ ಷರತ್ತು."

ಕೊನೆಗೆ ಅವನೇ ಸೋತು, "ನಿನಗೆ ಏನು ಬೇಕು ನೀನೇ ಹೇಳು ತಾಯಿ" ಎಂದ. ಗಿಲಕಿ ಅಂಗಡಿಯ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಕೆತ್ತುವ ಮಷೀನು ಇತ್ತು. ದಪ್ಪನೆಯ ಪೆನ್ನಿನಂಥದು, ತುದಿಯಲ್ಲಿ ಗಟ್ಟಿ ಸೂಜಿ, ಗುಂಡಿ ಒತ್ತಿದರೆ ಜೇನುನೊಣದಂತೆ ಗುಂಯ್ಗುಡುತ್ತ ಲೋಹದ ಮೇಲೆ ಅಕ್ಷರ ಕೊರೆಯುತ್ತಿತ್ತು. ಅದನ್ನು ಮುಟ್ಟಲು ಅವನು ಯಾರಿಗೂ ಬಿಟ್ಟಿರಲಿಲ್ಲ.

"ಅದರಲ್ಲಿ ನಾನು ಬರೀಬೇಕು. ನಿಜವಾದ ಪದಕದ ಮೇಲೆ. ನಂಗೇನು ಅನ್ಸುತ್ತೋ ಅದು."

"ವಾರ್ಷಿಕೋತ್ಸವದವರೆಗೆ ತುಟಿ ಪಿಟಕ್ ಅನ್ನಬಾರದು. ಆಗುತ್ತಾ?"

ಆಯಿತು. ಗಿಲಕಿ ಬಾಯಿಗೆ ಬೀಗ ಹಾಕಿಕೊಂಡಳು. ಶಾಲೆಯಲ್ಲಿ ಕೈ ಕಟ್ಟಿ ಕೂತಳು. ಪಕ್ಕದ ಹುಡುಗ ಹೊಟ್ಟೆ ಹಿಡಿದುಕೊಂಡು ಮುದುಡಿದ ದಿನವೂ ಎದುರಿನ ಹಲಗೆಯನ್ನೇ ನೋಡುತ್ತ ಕೂತಳು. ಅವನು ಅಲ್ಲೇ ವಾಂತಿ ಮಾಡಿಕೊಂಡ ಮೇಲೆಯೇ ಟೀಚರಿಗೆ ತಿಳಿದದ್ದು. ಆ ವಾರ ಗಿಲಕಿಗೆ ಮೊದಲ ಪದಕ ಬಂತು.

ಮನೆಯಲ್ಲೂ ಅಷ್ಟೇ. ಅಜ್ಜಿ ಸಂಜೆ ಪದ್ಯ ಶುರುಮಾಡಿದರೆ ಮೊದಲಿಂದ ಕೊನೆಯವರೆಗೆ ಅಲುಗದೆ ಕೇಳಿ, ಎದ್ದು ಹೋಗುತ್ತಿದ್ದಳು. ರಾಜ ಅತ್ತ, ಕುದುರೆಯನ್ನು ಯಾರೂ ಕೇಳಲಿಲ್ಲ. ಅವಳು ಕೇಳುವಳೇನೋ ಎಂದು ಅಜ್ಜಿ ಪ್ರತಿ ಸಾಲಿನ ಕೊನೆಗೂ ಕೊಂಚ ನಿಂತು ನೋಡುತ್ತಿದ್ದರು. ಕೊನೆಗೊಂದು ದಿನ ಪದ್ಯವನ್ನು ಅರ್ಧಕ್ಕೇ ಬಿಟ್ಟು ಮಗನಿಗೆ ಹೇಳಿದರು: "ಮಗೂಗೆ ಏನಾಗಿದೆಯೋ? ಗೋಡೆಗೆ ಹೇಳಿದ ಹಾಗಾಗುತ್ತೆ ನನಗೆ."

"ಒಳ್ಳೇದಾಗಿದಾಳಮ್ಮ" ಎಂದ ಅವನು ಹೆಮ್ಮೆಯಿಂದ.

ವಾರ್ಷಿಕೋತ್ಸವ ಹತ್ತಿರ ಬಂತು. ಹೆಡ್ ಮೇಡಂ ಖುದ್ದಾಗಿ ಅಂಗಡಿಗೆ ಬಂದರು. ಅವರಿಗೆ ಒಂದು ಹೊಸ ವಿಚಾರ ಹೊಳೆದಿತ್ತು, ಈ ಸಲ ನಿಜವಾಗಿ ಅವರದ್ದೇ. ಅಂದು ಗಿಲಕಿಯ ತರಗತಿಯ ಪ್ರತಿಯೊಬ್ಬ ಮಗುವಿಗೂ ಒಂದು ಪದಕ, ಮುಖದ ಮೇಲೆ ಮಗುವಿನ ಹೆಸರು, ಬೆನ್ನಿನ ಮೇಲೆ ಆ ಮಗುವಿನ ನಡತೆಯ ಬಗ್ಗೆ ಒಂದು ಚಂದದ ಮಾತು.

"ಏನು ಬರೀಲಿ ಮೇಡಂ?"

"ಏನಾದ್ರೂ ಒಳ್ಳೇದು. ಎಲ್ಲರಿಗೂ ಒಂದೇ ಥರ ಇರಬಾರದು ಅಷ್ಟೆ. ಅಪ್ಪ ಅಮ್ಮಂದಿರು ಅಕ್ಕಪಕ್ಕ ಹೋಲಿಸಿ ನೋಡ್ತಾರೆ." ಆಮೇಲೆ ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಇನ್ನೊಂದು. ಬೆಳ್ಳಿ ಬಣ್ಣದ ದೊಡ್ಡ ತಟ್ಟೆ ಇದೆಯಲ್ಲ, ಸನ್ಮಾನದ್ದು? ಅದರ ಮೇಲೆ 'ಆದರ್ಶ ಮುಖ್ಯೋಪಾಧ್ಯಾಯಿನಿಗೆ ಮಕ್ಕಳ ಪ್ರೀತಿಯ ಕಾಣಿಕೆ' ಅಂತ ಕೆತ್ತಿ. ಮುಖ್ಯ ಅತಿಥಿಗಳು ನನಗೆ ಕೊಡ್ತಾರೆ. ನನಗೆ ಗೊತ್ತೇ ಇಲ್ಲ, ತಿಳೀತಲ್ಲ? ಯಾರಿಗೂ ಹೇಳಬೇಡಿ."

"ಅಯ್ಯೋ, ನನಗೂ ಗೊತ್ತಿಲ್ಲ ಮೇಡಂ" ಎಂದ ಅವನು. ಇಬ್ಬರೂ ನಕ್ಕರು. ಮೇಜಿನ ಕೆಳಗೆ ಕೂತು ಡಬ್ಬಿಗಳಿಗೆ ಮಖಮಲ್ಲಿನ ಚೂರು ಅಂಟಿಸುತ್ತಿದ್ದ ಗಿಲಕಿ ನಗಲಿಲ್ಲ. ಅವಳು ಆಗ ಮಾತಿಗೂ ಇರಲಿಲ್ಲ, ನಗೆಗೂ ಇರಲಿಲ್ಲ.

ಹೆಡ್ ಮೇಡಂ ಹೋದ ಮೇಲೆ ಅವನು ತಲೆ ಮೇಲೆ ಕೈ ಹೊತ್ತು ಕೂತ. ಒಳ್ಳೆಯ ನಡತೆಯನ್ನು ಇಷ್ಟು ದಿನದಿಂದ ಮಾರುತ್ತಿದ್ದರೂ ಅದರ ಬಗ್ಗೆ ಅವನಿಗೆ ಗೊತ್ತಿದ್ದದ್ದು ಮೂರು ಮಾತು: ಶಿಸ್ತು, ಸಂಯಮ, ವಿನಯ. ಮೂರು ಮಕ್ಕಳಿಗೆ ಸಾಕು. ಉಳಿದವರಿಗೆ? ಅಷ್ಟರಲ್ಲಿ ಮೇಜಿನಡಿಯಿಂದ ಮಗಳ ತಲೆ ಕಾಣಿಸಿತು. ಅವನ ಮುಖ ಅರಳಿತು. ಕೊಟ್ಟ ಮಾತೂ ಉಳಿಯುತ್ತದೆ, ಕೆಲಸವೂ ಇಳಿಯುತ್ತದೆ.

"ತಗೋ ಪುಟ್ಟಾ, ಮಷೀನು ನಿಂದು. ನಿನ್ನ ಕ್ಲಾಸಿನ ಮಕ್ಕಳು ನಿನಗೇ ಚೆನ್ನಾಗಿ ಗೊತ್ತು. ಮುಖ ನಾನು ಕೆತ್ತುತೀನಿ, ಬೆನ್ನೆಲ್ಲ ನಿಂದು."

"ನಂಗನ್ಸಿದ್ದು ಬರೀಬಹುದಾ?"

"ಬರಿಯಮ್ಮಾ, ಬರಿ."

ಗಿಲಕಿ ಮಷೀನು ಹಿಡಿದ ರೀತಿಗೆ ಅವಳ ಅಜ್ಜನೇ ಎದ್ದು ಬಂದಿದ್ದರೂ ತಲೆದೂಗುತ್ತಿದ್ದ. ಅಜ್ಜಿ ಅವಳಿಗೆ ಅಕ್ಷರ ಕಲಿಸಿದ್ದು ದುಂಡಗೆ, ತಿದ್ದಿ ತಿದ್ದಿ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದುಕೊಂಡು, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ಅವಳು ಬರೆದೇ ಬರೆದಳು. ಇಷ್ಟು ದಿನ ಒಳಗೆ ಕೂಡಿಟ್ಟುಕೊಂಡ ಮಾತೆಲ್ಲ ಆ ಸೂಜಿಯ ತುದಿಯಿಂದ ಇಳಿಯಿತು.

ಕೆತ್ತಿದ್ದನ್ನು ತಪಾಸಣೆ ಮಾಡಲು ಆ ಅಂಗಡಿಯಲ್ಲಿ ಒಂದು ಕ್ರಮವಿತ್ತು. ಅವನ ಅಪ್ಪ ಹಾಕಿಕೊಟ್ಟದ್ದು. 'ಓದಬೇಡ, ನೋಡು' ಎನ್ನುತ್ತಿದ್ದ ಮುದುಕ. ಓದಿದರೆ ಕಣ್ಣು ಅರ್ಥದ ಹಿಂದೆ ಓಡಿಹೋಗುತ್ತದೆ, ಬಿಟ್ಟುಹೋದ ಒತ್ತಕ್ಷರವನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ಕೊನೆಯ ಅಕ್ಷರದಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ಮೊದಲ ಅಕ್ಷರದವರೆಗೆ, ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು. ಈ ವಿದ್ಯೆಯಿಂದಾಗಿ ಆ ಅಂಗಡಿಯಿಂದ ತಪ್ಪಕ್ಷರದ ಒಂದು ಪದಕವೂ ಹೊರಗೆ ಹೋಗಿರಲಿಲ್ಲ. ಹಾಗೆಯೇ, ತಾನು ಜನರಿಗೆ ಏನು ಬರೆದುಕೊಡುತ್ತಿದ್ದೇನೆ ಎಂಬುದೂ ಅವನಿಗೆ ಯಾವತ್ತೂ ತಿಳಿದಿರಲಿಲ್ಲ. ತಿಳಿಯಬೇಕೆಂದು ಅವನಿಗೆ ಅನ್ನಿಸಿರಲೂ ಇಲ್ಲ.

ಭೂತಗನ್ನಡಿ ಕಣ್ಣಿಗೇರಿಸಿ ಅವನು ಒಂದೊಂದೇ ಪದಕದ ಬೆನ್ನನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಹೋದ. ಸೊನ್ನೆ ಸೊನ್ನೆಯಾಗಿತ್ತು, ಕೊಂಬು ಕೊಂಬಾಗಿತ್ತು. ಒಂದು ಗೀರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಗೆ ಸನ್ಮಾನದ ತಟ್ಟೆ ಬಂತು. ಅದರ ಬೆನ್ನಿಗೂ ಬರಹ ಬಿದ್ದಿರುವುದನ್ನು ಕಂಡು, 'ಹೇಳದ ಕೆಲಸವನ್ನೂ ಮಾಡಿದೆಯಲ್ಲ ನನ್ನ ಕೂಸು' ಎಂದು ಕಣ್ಣು ಒದ್ದೆ ಮಾಡಿಕೊಂಡ. ಅದನ್ನೂ ಹಿಂದಿನಿಂದ ಮುಂದಕ್ಕೆ ನೋಡಿ, ಮಖಮಲ್ಲಿನ ಮೇಲೆ ಅಂಗಾತ ಮಲಗಿಸಿ, ಡಬ್ಬಿ ಮುಚ್ಚಿದ.

ವಾರ್ಷಿಕೋತ್ಸವದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನ ಸೋಫಾಗಳಲ್ಲಿ ಬೇರೆ ಶಾಲೆಗಳ ಮುಖ್ಯಸ್ಥರು, ತಮ್ಮ ಶಾಲೆಗಿಂತ ಇಲ್ಲಿ ಏನು ಹೆಚ್ಚಿದೆ ಎಂದು ಅಳೆಯುವ ಮುಖ ಮಾಡಿಕೊಂಡು ಕೂತಿದ್ದರು. ಅವರ ಹಿಂದಿನ ಸಾಲಿನಲ್ಲಿ ಅಂಗಡಿಯವನು, ಹೊಸ ಅಂಗಿ ಹಾಕಿಕೊಂಡು, ಅವರ ಬೋಳುತಲೆಗಳನ್ನೇ ಮುದ್ದಿನಿಂದ ನೋಡುತ್ತ ಕೂತಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ತಾಯಿ.

ಮಕ್ಕಳು ಸಾಲಾಗಿ ಬಂದರು, ಪದಕ ಹಾಕಿಸಿಕೊಂಡರು, ಇಳಿದರು. ಸದ್ವರ್ತನೆಯ ದೊಡ್ಡ ಪದಕ ಗಿಲಕಿಯ ಕೊರಳಿಗೆ ಬಿದ್ದಾಗ ಅಂಗಡಿಯವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದ. ಅಷ್ಟರಲ್ಲಿ ಮಕ್ಕಳು ಕೂತಿದ್ದ ಕಡೆಯಿಂದ ಒಂದು ಕಿಸಕ್ ಸದ್ದು ಕೇಳಿತು. ಮತ್ತೊಂದು. ಮಕ್ಕಳು ಪದಕವನ್ನು ತಿರುಗಿಸಿ ಬೆನ್ನು ಓದುತ್ತಿದ್ದರು. ಓದಿ, ಪಕ್ಕದವರದ್ದನ್ನು ಕಿತ್ತುಕೊಂಡು ಓದುತ್ತಿದ್ದರು. ದೊಡ್ಡವರು ಪಾಪ, ಅದು ಸಂತೋಷದ ನಗು ಎಂದುಕೊಂಡರು.

ಮುಖ್ಯ ಅತಿಥಿ ಮೈಕಿನ ಮುಂದೆ ಬಂದರು. ಶಿಕ್ಷಣ ಇಲಾಖೆಯ ದೊಡ್ಡ ಮನುಷ್ಯ. ಹೇಳಬೇಕಾದದ್ದು ಮುಗಿದು ಬಹಳ ಹೊತ್ತಾಗಿದ್ದರೂ ಮೈಕು ಬಿಡಲು ಮನಸ್ಸಿಲ್ಲದೆ ನಿಂತಿದ್ದರು. ಕೈಗೆ ತಟ್ಟೆ ಬಂದದ್ದು ಅವರಿಗೆ ವರವಾಯಿತು. ಮುಖದ ಮೇಲಿದ್ದುದನ್ನು ರಾಗವಾಗಿ ಓದಿದರು. ಹೆಡ್ ಮೇಡಂ, 'ಅಯ್ಯೋ, ನನಗಾ?' ಎಂಬಂತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಈ ಅಚ್ಚರಿಯನ್ನು ಅವರು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು ಕಾಣುತ್ತಿತ್ತು. ಅತಿಥಿಗಳು ತಟ್ಟೆಯ ತೂಕ ನೋಡುವವರಂತೆ ತಿರುಗಿಸಿದರು.

"ಓಹೋ, ಹಿಂದುಗಡೆಯೂ ಇದೆಯಲ್ಲ! ಮಕ್ಕಳ ಕೈಬರಹ. ಕೇಳಿ, ಕೇಳಿ." ಗಂಟಲು ಸರಿಮಾಡಿಕೊಂಡರು. "'ಇದನ್ನು ಹೆಡ್ ಮೇಡಂ ತಾವೇ ಹೇಳಿ ಮಾಡಿಸಿಕೊಂಡರು. ಯಾರಿಗೂ ಹೇಳಬಾರದಂತೆ.'"

ಮಕ್ಕಳ ಸಾಲಿನಿಂದ ಎದ್ದ ನಗು ಹಿಂದಿನ ಸಾಲಿಗೆ, ಅಲ್ಲಿಂದ ಗೋಡೆಗೆ ಒರಗಿ ನಿಂತವರಿಗೆ, ಕೊನೆಗೆ ಸೋಫಾಗಳಿಗೂ ತಗುಲಿತು. ಅದರಲ್ಲೂ ಸೋಫಾದವರು ನಕ್ಕ ನಗುವಿನಲ್ಲಿ ಎಷ್ಟೋ ವರ್ಷಗಳ ಹಸಿವಿತ್ತು. ಹೆಡ್ ಮೇಡಂ ಕೈ ಇನ್ನೂ ಎದೆಯ ಮೇಲೆಯೇ ಇತ್ತು, ಅದನ್ನು ಎಲ್ಲಿಡುವುದೆಂದು ಅವರಿಗೆ ತೋಚಲಿಲ್ಲ.

ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಪದಕಗಳನ್ನು ತಿರುಗಿಸತೊಡಗಿದರು. 'ಮೇಡಂ ಬಂದಾಗ ಕೈ ಕಟ್ಟುತ್ತಾಳೆ. ಹೋದ ಮೇಲೆ ಚಿವುಟುತ್ತಾಳೆ.' 'ಇವನು ಎತ್ತುವವನು. ತಳ್ಳುವವನು ಪಕ್ಕದಲ್ಲಿದ್ದಾನೆ.' 'ನಿಧಾನವಾಗಿ ಮಾತಾಡುತ್ತಾಳೆ. ಕಾದರೆ ತುಂಬ ನಗಿಸುತ್ತಾಳೆ.' ಒಬ್ಬ ತಾಯಿ ಸಿಟ್ಟಿನಿಂದ ಪದಕವನ್ನು ಕಿತ್ತು ಚೀಲಕ್ಕೆ ತುರುಕಿದಳು. ಒಬ್ಬ ತಂದೆ ಮಾತ್ರ ಮಗನ ಪದಕವನ್ನು ಮತ್ತೆ ಮತ್ತೆ ಓದುತ್ತ ನಿಂತಿದ್ದ: 'ಎಲ್ಲರ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಾನೆ. ಯಾರೂ ನೋಡಿಲ್ಲ.' "ಮನೇಲಿ ಕುಡಿದ ಲೋಟ ಎತ್ತಿಡಲ್ಲ ಇವನು!" ಎಂದು ಪಕ್ಕದವರಿಗೆ ಹೇಳುತ್ತ ಕಣ್ಣೊರೆಸಿಕೊಂಡ.

"ಪದಕ ಎಲ್ಲ ವಾಪಸ್ ಕೊಡಿ! ತಪ್ಪಾಗಿದೆ, ಕೊಡಿ!" ಎಂದು ಹೆಡ್ ಮೇಡಂ ಸಾಲುಗಳ ನಡುವೆ ಓಡಾಡಿದರು. ಸದ್ವರ್ತನೆಯಲ್ಲಿ ಪಳಗಿದ ಆ ಮಕ್ಕಳು ಪದಕಗಳನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಬಾಗಿಲ ಕಡೆ ಪರಾರಿಯಾದರು. ಒಂದು ಮಗುವೂ ಕಾಗದ ಎತ್ತಲಿಲ್ಲ. ಹೆಡ್ ಮೇಡಂ ಅಂಗಡಿಯವನ ಮುಂದೆ ಬಂದು ನಿಂತರು. "ನಿಮ್ಮ ಅಂಗಡಿ ಕಡೆ ಈ ಶಾಲೆಯ ಒಂದು ನೊಣವೂ ಬರಲ್ಲ" ಎಂದು ಹೇಳಿ ಹೋದರು.

ಅಂಗಡಿಯವನು ಇಂಗು ತಿಂದ ಮಂಗನಂತೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು, ಅವಳು ಅಳುತ್ತಿರಲಿಲ್ಲ. ತಾಯಿ ಮೊಮ್ಮಗಳ ಕೊರಳಿನ ದೊಡ್ಡ ಪದಕವನ್ನು ಕೈಗೆ ತೆಗೆದುಕೊಂಡು, ಬೆನ್ನು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿ, ಮಗನ ಕೈಗೆ ಕೊಟ್ಟರು. ಅವನು ಅಭ್ಯಾಸಬಲದಿಂದ ಕೊನೆಯ ಅಕ್ಷರದಿಂದಲೇ ಶುರುಮಾಡಿದ. ತಾಯಿ ಅವನ ತಲೆಗೆ ಮೆಲ್ಲಗೆ ಮೊಟಕಿದರು.

"ನೆಟ್ಟಗೆ ಓದೋ."

ಓದಿದ. 'ಮಷೀನು ಸಿಗುತ್ತೆ ಅಂತ ಸುಮ್ಮನಿದ್ದಳು. ಪಕ್ಕದವನಿಗೆ ಹೊಟ್ಟೆ ನೋವಾದಾಗಲೂ.'

ಅಲ್ಲಿಗೆ ಅವನು ಬದಲಾದ ಎಂದು ಹೇಳಿದರೆ ಕೇಳುವವರಿಗೆ ಹಿತವಾಗಿರುತ್ತದೆ. ನಿಜವಾಗಿಯೂ ಅವನ ಎದೆಯಲ್ಲಿ ಏನೋ ಒಂದು ಚುಚ್ಚಿತು. ಆದರೆ ಅದು ಆಳಕ್ಕಿಳಿಯುವ ಮೊದಲೇ ಭುಜದ ಮೇಲೆ ಒಂದು ಕೈ ಬಿತ್ತು. ಸೋಫಾದಲ್ಲಿ ಕೂತಿದ್ದ ಒಬ್ಬ ತೆಳ್ಳನೆಯ ಮುಖ್ಯಸ್ಥರು, ನಕ್ಕು ನಕ್ಕು ಕೆಂಪಾದ ಮುಖದವರು, ಬಗ್ಗಿ ಪಿಸುಗುಟ್ಟಿದರು.

"ಭೇಷ್! ನಮ್ಮ ಶಾಲೆಗೂ ಹೀಗೇ ಬೇಕು. ಮಕ್ಕಳ ಕೈಬರಹ, ಮನಸ್ಸಿನ ಮಾತು. ಹೊಸ ಥರ ಇದೆ. ಆದ್ರೆ ಸ್ವಲ್ಪ ನೋಡಿಕೊಂಡು, ನಮಗೆ ಒಪ್ಪುವಂಥ ಮನಸ್ಸಿನ ಮಾತು. ನಾಳೆ ಮಕ್ಕಳ ಹೆಸರು ಕಳಿಸ್ತೀನಿ."

ಚುಚ್ಚಿದ್ದು ಅಲ್ಲೇ ಮುರಿದುಬಿತ್ತು. ಅಂಗಡಿಯವನ ಕಣ್ಣಮುಂದೆ ಮುಚ್ಚಿದ ಶಾಲೆಗಳ ಬಾಗಿಲುಗಳೆಲ್ಲ ಮತ್ತೆ ತೆರೆದವು.

ಮರುದಿನ ಬೆಳಿಗ್ಗೆ ಅವನು ಅಂಗಡಿಯ ಮೇಜನ್ನು ಒರೆಸಿ, ಮಷೀನಿಗೆ ಹೊಸ ಸೂಜಿ ಹಾಕಿ, ಮೆತ್ತನೆಯ ಕುರ್ಚಿಯೊಂದನ್ನು ಎಳೆದಿಟ್ಟು ಮಗಳನ್ನು ಕರೆದ. ಗಿಲಕಿ ಬಂದಳು. ಪದಕ ಕೊರಳಲ್ಲಿರಲಿಲ್ಲ. ಅದು ಈಗ ಬೆಕ್ಕಿನ ಕೊರಳಿನಲ್ಲಿ, ಈಜಿನ ಪದಕದ ಜೊತೆ ಸೇರಿಕೊಂಡಿತ್ತು. ಒಳಮನೆಯಲ್ಲಿ ಅಜ್ಜಿ ಪಟ್ಟಿ ಪೋಣಿಸುತ್ತ ಪದ್ಯ ಹೇಳುತ್ತಿದ್ದರು.

"ಕೂತ್ಕೋ ರಾಣಿ. ಇನ್ನೊಂದು ಶಾಲೆಯ ಪದಕದ ಕೆಲಸ ಬಂದಿದೆ. ಬೆನ್ನೆಲ್ಲ ನಿಂದೇ."

"ಆ ಮಕ್ಕಳು ನಂಗೆ ಗೊತ್ತಿಲ್ವಲ್ಲಪ್ಪ?"

"ಗೊತ್ತಿರಬೇಕಾಗಿಲ್ಲ ಕಣೇ. ನಾನು ಹೇಳ್ತೀನಿ, ನೀನು ನಿನ್ನ ಮನಸ್ಸಿಂದ ಬಂದ ಹಾಗೆ ಬರಿ. ನಿನ್ನ ಅಕ್ಷರ ಇದ್ರೆ ಸಾಕು."

ಗಿಲಕಿ ಮಷೀನನ್ನು ನೋಡಿದಳು. ಮೊನ್ನೆ ಮೊನ್ನೆ ಅದಕ್ಕಾಗಿ ಬಾಯಿ ಹೊಲಿದುಕೊಂಡಿದ್ದಳು. ಈಗ ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು, ತಪ್ಪುಬುಟ್ಟಿಯ ಯಾವುದೋ ಪದಕದ ಹಾಗೆ.

ಅವನು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ದನಿಗೆ ಜೇನು ಬಂತು. "ಏನು ಬೇಕು ಕೇಳು. ಸೈಕಲ್ಲಾ? ಓಡಿಸ್ತಾ ಮಾತಾಡು, ಹಾಡು, ಕೂಗು, ಯಾರು ಬೇಡ ಅಂತಾರೆ? ಮಷೀನು ಪೂರ್ತಿ ನಿಂದೇ ಇಟ್ಕೋ. ಇದೊಂದು ಸಲ ಬರಿ ನನ್ನಮ್ಮಾ. ನಿನಗೆ ಏನು ಕೊಡ್ಲಿ ಹೇಳು?"

ಒಳಗೆ ಪದ್ಯದಲ್ಲಿ ರಾಜ ಅಳತೊಡಗಿದ್ದ. ಗಿಲಕಿ ಆ ಕಡೆ ಕಿವಿ ಕೊಟ್ಟಳು, ಮಷೀನನ್ನು ಎತ್ತಿ ಅಪ್ಪನ ಕೈಯಲ್ಲಿಟ್ಟಳು, ಒಳಮನೆಯ ಹೊಸ್ತಿಲವರೆಗೆ ಹೋಗಿ ತಿರುಗಿ ನಿಂತಳು.

"ಏನೂ ಬೇಡ. ನಾನು ಬರೆಯಲ್ಲ."